ಕೆರೆ ಅಂಗಳದಲ್ಲಿ ಜೀಪ್ ರೇಸು

ಕೊರಳಲ್ಲಿ ಸೀಟಿ ಇರುವವನನ್ನು ಕಂಡರೆ ಜನಕ್ಕೆ ಅದೇನೋ ನಂಬಿಕೆ. ಎಲ್ಲಿ ಇಬ್ಬರು ಕಿತ್ತಾಡಿದರೂ "ಮೇಷ್ಟ್ರನ್ನ ಕರೀರಿ" ಅನ್ನುತ್ತಾರೆ. ಮಧುಗಿರಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಷ್ಟು ಕಾಲವೂ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇದ್ದವು. ಈಗಲೂ ಮದುವೆ ಮನೆಗೆ ಹೋದರೆ ಪಂಕ್ತಿ ಕೂರಿಸುವ ಕೆಲಸ ನನಗೇ ಗಂಟು ಬೀಳುತ್ತದೆ. ಆದರೆ ಎಪ್ಪತ್ತರ ದಶಕದ ಕೊನೆಯಿಂದ ಏಳೆಂಟು ವರ್ಷ ಜೀಪ್ ರೇಸಿಗೆ ಅಂಪೈರ್ ಆಗಿದ್ದೆನಲ್ಲ, ಅದರಿಂದ ಕೈಕಾಲು ನೆಟ್ಟಗಿಟ್ಟುಕೊಂಡು ಹೊರಗೆ ಬಂದದ್ದೇ ಹೆಚ್ಚು. ನೆನೆಸಿಕೊಂಡರೆ ಈಗಲೂ ಉಸ್ಸಪ್ಪಾ ಅನ್ನಿಸುತ್ತದೆ.

ಆಗ ನಮ್ಮ ಕಡೆ ಬಸ್ಸು ಹೋಗದ ಊರಿಗೆಲ್ಲ ಬಾಡಿಗೆ ಜೀಪೇ ಗತಿ. ಬೇಸಿಗೆಯಲ್ಲಿ ಮದಲೂರು ಕೆರೆ ಒಣಗಿ ಅಂಗಳವೆಲ್ಲ ಬಯಲಾದಾಗ, ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಜೀಪಿನವರೆಲ್ಲ ಒಂದು ಭಾನುವಾರ ಅಲ್ಲಿ ಸೇರಿ ರೇಸು ಬಿಡುತ್ತಿದ್ದರು. ಸುಣ್ಣದ ಗೆರೆಯಿಂದ ಹೊರಟು, ದೂರದಲ್ಲಿದ್ದ ಒಂಟಿ ಜಾಲಿ ಮರವನ್ನು ಸುತ್ತಿಕೊಂಡು ಮತ್ತೆ ಗೆರೆಗೆ ಬರಬೇಕು. ಹಾಗೆ ಮೂರು ಸುತ್ತು. ಗೆದ್ದವನಿಗೆ ಒಂದು ಹಿತ್ತಾಳೆ ಬಿಂದಿಗೆ. ನನಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಬರುತ್ತಿರಲಿಲ್ಲ. ಆದರೂ ಸೀಟಿ ಇದ್ದದ್ದು ನನ್ನ ಹತ್ತಿರ ಮಾತ್ರ. ಜೊತೆಗೆ ಕೊರಟಗೆರೆ ಜೀಪಿನವನು ನನ್ನ ಹೆಂಡತಿಯ ತಮ್ಮ. ಹೀಗಾಗಿ ಅಂಪೈರ್ ಕೆಲಸವನ್ನು ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದರು.

ಮತ್ತದೇ ಜಾಲಿ ಮರ

ಮೊದಲ ವರ್ಷ ಯಾರಿಗೂ ಬಿಡಿಗಾಸಿನ ಖರ್ಚಿಲ್ಲ. ದಿನಾ ಸಂತೆಗೆ ಹೋಗಿ ಬರುವ ಏಳು ಜೀಪುಗಳು, ಮೈಗೆ ಹತ್ತಿದ ಮಣ್ಣನ್ನೂ ತೊಳೆಯದೆ ಬಂದು ಗೆರೆಯ ಮೇಲೆ ನಿಂತವು. ನನ್ನ ಬಾಮೈದ ಕೊನೇ ಗಳಿಗೆಯಲ್ಲಿ ಧೂಳೆಬ್ಬಿಸಿಕೊಂಡು ಬಂದು ಎಂಟನೆಯವನಾಗಿ ಸೇರಿಕೊಂಡ. ನಾನು ಸೀಟಿ ಊದಿದೆ.

ಕೆರೆಯ ಹೂಳು ಬಲು ಸಡಿಲ. ಬೇರೆಯವರ ಜೀಪಿನ ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿದರೆ, ನಮ್ಮವನದು ನೆಲ ಕಚ್ಚಿಕೊಂಡು ಓಡಿತು. ಮೂರು ಸುತ್ತೂ ಅವನೇ ಮುಂದು. ಬಿಂದಿಗೆ ಕೊಡೋಣವೆಂದು ಹತ್ತಿರ ಹೋದೆ. ನೋಡಿದರೆ ಹಿಂದಿನ ಸೀಟಿನಲ್ಲಿ ದಪ್ಪನೆಯ ಒಬ್ಬ ಅಜ್ಜಿ, ಅಕ್ಕಪಕ್ಕದಲ್ಲಿ ಎರಡು ಮೂಟೆ ರಾಗಿ! ಸಿರಾಕ್ಕೆಂದು ಹತ್ತಿದ ಅಜ್ಜಿಯನ್ನು ಇಳಿಸುವಷ್ಟು ಪುರುಸೊತ್ತು ಇವನಿಗೆ ಸಿಕ್ಕಿರಲಿಲ್ಲ. ಅಜ್ಜಿ ತಲೆಯ ಧೂಳು ಕೊಡವಿಕೊಂಡು ಅವನನ್ನು ಕೇಳಿತು:

"ಲೇ ಮಗಾ, ಆ ಜಾಲಿ ಮರ ಬಂದಿದ್ದು ಇದು ಮೂರ್ನೇ ಸಲ ಕಣ್ಲಾ. ಸಿರಾ ಇನ್ನೂ ಎಷ್ಟು ದೂರ ಐತೆ?"

ಜ್ವರದ ಮಾತ್ರೆ

ನಮ್ಮವನು ಗೆದ್ದದ್ದು ಹಿಂದಿನ ಚಕ್ರದ ಮೇಲೆ ಬಿದ್ದ ಅಜ್ಜಿಯ ತೂಕದಿಂದ ಎಂಬ ಗುಟ್ಟು ವಾರದೊಳಗೆ ನಾಲ್ಕು ತಾಲ್ಲೂಕಿಗೂ ಗೊತ್ತಾಯಿತು. ಮುಂದಿನ ವರ್ಷ ಒಬ್ಬ ಚಪ್ಪಡಿ ಕಲ್ಲು ಹೇರಿಕೊಂಡು ಬಂದ. ಇನ್ನೊಬ್ಬ ಮಾವನ ಮನೆಯವರನ್ನೆಲ್ಲ ಹತ್ತಿಸಿಕೊಂಡು ಬಂದ. ನಾನು ಕೂಡಲೇ ಒಂದು ನಿಯಮ ಮಾಡಿದೆ: ಜೀಪಿನಲ್ಲಿ ಡ್ರೈವರ್ ಒಬ್ಬನೇ ಇರಬೇಕು, ಹೊರೆ ಏನೂ ಇರಕೂಡದು.

ಅದರ ಮುಂದಿನ ವರ್ಷ ಪಾವಗಡದ ಜೀಪಿನವನು, ಆ ಸುಡು ಬಿಸಿಲಲ್ಲಿ, ಕಂಬಳಿ ಹೊದ್ದು ಕೂತಿದ್ದ. ಮಾತು ಅರ್ಧ ತೆಲುಗು, ಮೂಲತಃ ಕಡ್ಡಿಯಂಥ ಆಳು. ಅವತ್ತು ಯಾಕೋ ಮೈ ತುಂಬಿಕೊಂಡಿದ್ದ.

"ಏನಯ್ಯಾ ಕಂಬಳಿ?"

"ಜ್ವರಂ ಸಾರ್. ಮೂರು ದಿನ ಆಯ್ತು, ಬುಡ್ತಾನೇ ಇಲ್ಲ."

"ಇಳಿ, ನೋಡೋಣ."

"ವದ್ದು ಸಾರ್, ಬ್ಯಾಡ. ಇಳಿದ್ರೆ ತಲೆ ತಿರುಗ್ತೈತೆ."

ಬಿಡದೆ ಇಳಿಸಿದೆ. ಪಾಪ, ಮೇಷ್ಟ್ರೆಂದರೆ ಅವನಿಗೆ ಭಕ್ತಿ. ಕಾಲು ಮುಟ್ಟಿ ನಮಸ್ಕಾರ ಮಾಡಲು ಬಗ್ಗಿದ. ಕಂಬಳಿಯೊಳಗಿಂದ, ಅಂಗಡಿಯಲ್ಲಿ ತಕ್ಕಡಿಗೆ ಇಡುವ ಐದು ಕೆಜಿಯ ಕಬ್ಬಿಣದ ಬಟ್ಟೊಂದು ಜಾರಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಸೊಂಟದ ಸುತ್ತ ಇನ್ನೂ ಏಳೋ ಎಂಟೋ ಕಟ್ಟಿಕೊಂಡಿದ್ದ. ನಾನು ಒಂಟಿ ಕಾಲಲ್ಲಿ ಕುಣಿಯುತ್ತಾ "ಏನೋ ಇದು?" ಎಂದು ಕಿರುಚಿದೆ.

"ಜ್ವರಾನಿಕಿ ಮಾತ್ರೆ ಸಾರ್," ಅಂದ. "ಊಟ ಆದ್ಮೇಲೆ ತಗೋ ಅಂದವ್ರೆ ಡಾಕ್ಟ್ರು."

ಜಿರಲೆ

ಹೊರಗಿನ ತೂಕಕ್ಕೆ ತಡೆ ಬಿದ್ದ ಮೇಲೆ ಮೋಸವೆಲ್ಲ ಬಾನೆಟ್ಟಿನ ಒಳಗೆ ಹೊಕ್ಕಿತು. ಅಲ್ಲಿ ನನ್ನ ಆಟ ನಡೆಯುತ್ತಿರಲಿಲ್ಲ. ಎಂಜಿನ್ನಿನಲ್ಲಿ ಯಾವುದು ಎಲ್ಲಿದೆ ಎಂಬುದೇ ನನಗೆ ತಿಳಿಯದು. ಹಾಗಾಗಿ ಮೂಗನ್ನು ನಂಬಿಕೊಂಡೆ.

ಸಿರಾದ ಸಾಹೇಬರು ಮೆಕ್ಯಾನಿಕ್ಕು. ಸ್ವಂತ ಜೀಪೂ ಇತ್ತು. ಬೆಣ್ಣೆಯಂಥ ಮಾತು. ಒಂದು ವರ್ಷ ಅವರ ಜೀಪು ಇದ್ದಕ್ಕಿದ್ದಂತೆ ಬಾಣದ ಹಾಗೆ ಹೋಗತೊಡಗಿತು. ನನ್ನ ಮುಂದೆ ಹಾದುಹೋದಾಗಲೆಲ್ಲ, ಹೆಂಡತಿ ರೇಷ್ಮೆ ಸೀರೆಯ ಟ್ರಂಕು ತೆಗೆದಂಥ ವಾಸನೆ. ರೇಸು ಮುಗಿದ ಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಸಿ ಮೂಗಿಟ್ಟೆ. ಅನುಮಾನವೇ ಇಲ್ಲ, ನುಸಿಗುಳಿಗೆ.

"ಏನು ಸಾಹೇಬ್ರೇ, ಗಾಡಿ ಜೋರಾಗಿ ಓಡಲಿ ಅಂತ ಪೆಟ್ರೋಲಿಗೆ ನುಸಿಗುಳಿಗೆ ಹಾಕಿದ್ದೀರಾ?"

"ತೋಬಾ ತೋಬಾ!" ಸಾಹೇಬರು ಎರಡೂ ಕೆನ್ನೆ ಮುಟ್ಟಿಕೊಂಡರು. "ಗುಳಿಗೆ ಹಾಕಿದ್ದು ಸಚ್ ಬಾತ್ ಮೇಷ್ಟ್ರೇ. ಜೋರಾಗಿ ಓಡ್ಲಿ ಅಂತ ಅಲ್ಲ. ಟ್ಯಾಂಕ್ ಒಳಗೆ ಜಿರಲೆ ಹೊಕ್ಕಂಡಿತ್ತು."

"ಸರಿ, ಜಿರಲೆ ಸತ್ತಿತೋ?"

"ಎಲ್ಲಿ ಸಾಯ್ತೈತೆ ಮೇಷ್ಟ್ರೇ? ಅದ್ಕೂ ಸ್ಪೀಡ್ ಬಂದ್ಬುಡ್ತು!"

ಪಾಲು ಹಾಕುವವನು, ಆರಿಸಿಕೊಳ್ಳುವವನು

ನಗುನಗುತ್ತಲೇ ಖರ್ಚು ಏರಿಬಿಟ್ಟಿತು. ಒಬ್ಬ ಟ್ರ್ಯಾಕ್ಟರಿನಂಥ ಉಬ್ಬು ಟೈರು ಹಾಕಿಸಿದರೆ, ಇನ್ನೊಬ್ಬ ಬೆಂಗಳೂರಿಗೆ ಹೋಗಿ ಹೊಸ ಕಾರ್ಬುರೇಟರ್ ತಂದ. ಅದನ್ನು ನೋಡಿ ಮತ್ತೊಬ್ಬ ಎರಡು ಕಾರ್ಬುರೇಟರ್ ತಂದ. ತಾಳಲಾರದೆ ಐದು ಜನ ಕೈತೊಳೆದುಕೊಂಡರು. ಎಂಟು ಜೀಪು ಹೋಗಿ ಮೂರು ಉಳಿದವು: ಸಿರಾದ ಸಾಹೇಬರದು, ಪಾವಗಡದವನದು, ನನ್ನ ಬಾಮೈದನದು.

ನಮ್ಮವನಂತೂ ಟೈರು ಸವೆಯುತ್ತದೆಂದು ಜೀಪನ್ನು ಬಾಡಿಗೆಗೆ ಓಡಿಸುವುದನ್ನೇ ಬಿಟ್ಟ. ಮನೆ ನಡೆಯುತ್ತಿದ್ದದ್ದು ಎರಡು ಎಮ್ಮೆಯ ಹಾಲಿನಿಂದ. ಒಂದು ದಿನ ಬಂದು, "ಭಾವ, ದೊಡ್ಡ ಎಂಜಿನ್ ಒಂದು ನೋಡಿವ್ನಿ. ಎಮ್ಮೆ ಎರಡೂ ಕೊಟ್ಬುಡ್ತೀನಿ" ಅಂದ.

"ಮಕ್ಕಳು ಏನು ಕುಡೀತವೋ?"

"ಸಿರಾದವ್ರು ಅಷ್ಟೆಲ್ಲಾ ಹಾಕ್ಸಿರುವಾಗ ನಾನು ಸುಮ್ಕೆ ಕುಂತ್ರೆ ಮರ್ವಾದೆ ಏನಾಯ್ತದೆ ಭಾವ?"

ನನ್ನ ಹೆಂಡತಿ ಒಳಗಿಂದ ಬಂದವಳು ಅವನನ್ನು ಬಿಟ್ಟು ನನ್ನ ಮೇಲೆ ಹರಿಹಾಯ್ದಳು. "ಸೀಟಿ ಊದಿ ಊದಿ ನನ್ನ ತಮ್ಮನ ಮನೆ ತೊಳೆದುಬುಟ್ರಿ. ಆ ಎಮ್ಮೆ ಕೊಟ್ಟಿಗೆಯಿಂದ ಆಚೆಗೆ ಹೋದ್ವೋ, ಈ ಮನೇಲಿ ನಿಮಗೆ ಹಾಲು, ಮೊಸರು, ಮಜ್ಜಿಗೆ ಯಾವ್ದೂ ಇಲ್ಲ."

ನನಗೆ ನಿಜಕ್ಕೂ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಮಜ್ಜಿಗೆಯ ಮಾತು ಹಾಗಿರಲಿ, ಅವನಿಗೆ ಇಬ್ಬರು ಸಣ್ಣ ಮಕ್ಕಳು. ಆ ವಾರದಲ್ಲೇ ಸಾಹೇಬರು ಒಬ್ಬರೇ ಬಂದು, "ಕೊರಟಗೆರೆಯವ್ರು ನಿಲ್ಸಿದ್ರೆ ನಾನೂ ನಿಲ್ಸ್ತೀನಿ ಮೇಷ್ಟ್ರೇ, ಬೀಬಿ ದಿನಾ ಬಯ್ತಾಳೆ" ಅಂದರು. ಪಾವಗಡದವನೂ ಬಂದು ಅದನ್ನೇ ತೆಲುಗಿನಲ್ಲಿ ಅಂದ. ಮೂವರಿಗೂ ಸಾಕಾಗಿತ್ತು, ಮೊದಲು ಬಿಡುವವನಾಗಲು ಮಾತ್ರ ಯಾರೂ ತಯಾರಿಲ್ಲ.

ದಾರಿ ತೋರಿಸಿದವಳು ಹೆಂಡತಿಯೇ. "ನಮ್ಮಪ್ಪನೋರು ಹೊಲ ಭಾಗ ಮಾಡ್ಕೊಂಡಾಗ ಪಾಲು ಹಾಕಿದ್ದು ದೊಡ್ಡೋರು, ಮೊದ್ಲು ಆರಿಸ್ಕೊಂಡಿದ್ದು ಚಿಕ್ಕೋರು. ಅಳತೇಲಿ ಒಂದು ಗೇಣೂ ಹೆಚ್ಚುಕಮ್ಮಿ ಆಗ್ಲಿಲ್ಲ. ನೀವೂ ಅಂಗೇ ಮಾಡಿ."

ಮೂವರನ್ನೂ ಕರೆಸಿ ಹೇಳಿದೆ: "ಈ ಸಲ ಯಾರು ಯಾವ ಎಂಜಿನ್ನಾದರೂ ಹಾಕಿಸಿಕೊಳ್ಳಿ, ನನ್ನ ಅಡ್ಡಿಯಿಲ್ಲ. ಆದರೆ ಗೆರೆಯ ಹತ್ತಿರ ಚೀಟಿ ಎತ್ತಬೇಕು. ನಿಮ್ಮ ಜೀಪು ಓಡಿಸುವವನು ಬೇರೆಯವನು."

ಮೂವರ ಮುಖವೂ ಒಮ್ಮೆಗೇ ಅರಳಿತು. ಇನ್ನೊಬ್ಬ ಕೂತು ಗೆಲ್ಲುವ ಜೀಪಿಗೆ ಯಾವ ದಡ್ಡ ದುಡ್ಡು ಸುರಿದಾನು? ಎಮ್ಮೆ ವ್ಯಾಪಾರ ಅವತ್ತೇ ಮುರಿಯಿತು. ನನಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಮೋಸಕ್ಕೆ ಜಾಗವಿಲ್ಲದ ನಿಯಮ ಮಾಡಿದೆನೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅವಳು, "ನಾನೂ ಬತ್ತೀನಿ ನೋಡಕ್ಕೆ. ನನ್ನ ತಮ್ಮನ್ನ ನೀವಿನ್ನೂ ಸರಿಯಾಗಿ ಕಂಡಿಲ್ಲ" ಅಂದಳು.

ನಿಧಾನದ ರೇಸು

ಆ ಭಾನುವಾರ ಮೂವರೂ ತೋಳಿಗೆ ತೋಳು ಹಾಕಿಕೊಂಡು ಬಂದರು. ಚೀಟಿ ಎತ್ತಿದೆವು. ಸಾಹೇಬರಿಗೆ ನನ್ನ ಬಾಮೈದನ ಜೀಪು, ಬಾಮೈದನಿಗೆ ಪಾವಗಡದ ಜೀಪು, ಪಾವಗಡದವನಿಗೆ ಸಾಹೇಬರ ಜೀಪು. ಕೆರೆ ಏರಿಯ ಮೇಲೆ ಜನ ಕಿಕ್ಕಿರಿದಿದ್ದರು. ಸೀಟಿ ಊದಿ, ಧೂಳಿಗೆ ಹೆದರಿ ಕಣ್ಣು ಮುಚ್ಚಿಕೊಂಡೆ.

ಧೂಳು ಬರಲಿಲ್ಲ. ಕಣ್ಣು ಬಿಟ್ಟರೆ ಮೂರು ಜೀಪೂ ನನ್ನ ಎದುರಿಗೇ ಇದ್ದವು.

ಪಾವಗಡದವನು ಕೂತಿದ್ದ ಜೀಪು ಚಳಿಜ್ವರ ಬಂದಂತೆ ಗಡಗಡ ನಡುಗುತ್ತಾ ತೆವಳುತ್ತಿತ್ತು. ಬಾಮೈದ ಕೂತಿದ್ದ ಜೀಪಿನ ಚಕ್ರದಿಂದ ಸುಟ್ಟ ವಾಸನೆ. ಎಂಜಿನ್ ಅರಚುತ್ತದೆ, ಗಾಡಿ ಗೇಣು ಗೇಣಾಗಿ ಕದಲುತ್ತದೆ. ಸಾಹೇಬರು ಕೂತಿದ್ದದ್ದು ಹತ್ತು ಮಾರು ಹೋಗಿ ಕೆಮ್ಮಿ ಆರುವುದು, ಮತ್ತೆ ಚಾಲೂ ಮಾಡಿದರೆ ಮತ್ತೆ ಹತ್ತು ಮಾರು. ಜನ ಏರಿ ಇಳಿದು ಬಂದು ಜೀಪುಗಳ ಜೊತೆಗೆ ಮಾತಾಡಿಕೊಂಡು ನಡೆಯತೊಡಗಿದರು. ಕಡಲೆಕಾಯಿ ಮಾರುವವಳು ಮೂವರು ಡ್ರೈವರುಗಳಿಗೂ ಪೊಟ್ಟಣ ಕಟ್ಟಿಕೊಟ್ಟು, ಚಿಲ್ಲರೆಯನ್ನೂ ಕೊಟ್ಟು, ಮುಂದೆ ಹೋದಳು. ಮೂರು ಸುತ್ತು ಬೇಡ, ಒಂದೇ ಸಾಕು ಎಂದು ನಾನು ಕೂಗಿದೆ.

ಅಂತೂ ಇಂತೂ ಮರ ಸುತ್ತಿ ತಿರುಗಿದರು. ಅಷ್ಟರಲ್ಲಿ ಹೊಲಕ್ಕೆ ಹಾಕಲು ಕೆರೆಯ ಗೋಡುಮಣ್ಣು ಹೇರಿಕೊಂಡ ಒಂದು ಎತ್ತಿನ ಗಾಡಿ ಹಿಂದಿನಿಂದ ಬಂತು. ಗಾಡಿಯ ಯಜಮಾನ, "ವಸಿ ದಾರಿ ಬುಡ್ರಪ್ಪೋ" ಅಂದ. ಬಿಟ್ಟರು. ಗಾಡಿ ಮೂರು ಜೀಪನ್ನೂ ಒಂದೊಂದಾಗಿ ದಾಟಿ ಸುಣ್ಣದ ಗೆರೆಯ ಮೇಲೆ ಹಾದುಹೋಯಿತು. ಜನ ಹೋ ಎಂದು ಕೂಗಿದರು. ನಾನೂ ದಿಕ್ಕು ತೋಚದೆ ಬಿಂದಿಗೆಯನ್ನು ಅವನ ಕೈಗೇ ಕೊಟ್ಟೆ.

ಜೀಪುಗಳು ಅಲ್ಲಲ್ಲೇ ನಿಂತುಬಿಟ್ಟವು. ಮೂವರೂ ಇಳಿದರು. ಜಗಳ ಶುರುವಾಗುತ್ತದೆಂದು ನಾನು ಸೀಟಿ ಬಾಯಿಗಿಟ್ಟುಕೊಂಡೆ. ಆದರೆ ಒಬ್ಬನೂ ಇನ್ನೊಬ್ಬನ ಗಾಡಿಯನ್ನು ಬಯ್ಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ನನಗೆ ಸಂಶಯ ಬಂದು, ಎಂಜಿನ್ ಗೊತ್ತಿದ್ದವರೊಬ್ಬರನ್ನು ಕರೆದು ಮೂರನ್ನೂ ತಪಾಸಣೆ ಮಾಡಿಸಿದೆ. ಸಾಹೇಬರು ತಮ್ಮ ಜೀಪಿನ ನಾಲ್ಕು ಪ್ಲಗ್ಗಿನಲ್ಲಿ ಎರಡರ ವೈರು ಕಿತ್ತಿಟ್ಟು ಬಂದಿದ್ದರು. ಪಾವಗಡದವನು ತನ್ನ ಜೀಪಿನ ಬ್ರೇಕನ್ನು ತಂತಿಯಿಂದ ಬಿಗಿದು ಕಟ್ಟಿದ್ದ. ತನ್ನ ಗಾಡಿಯಲ್ಲಿ ಬೇರೆಯವನು ಗೆಲ್ಲಬಾರದೆಂದು ಪ್ರತಿಯೊಬ್ಬನೂ ತನ್ನದನ್ನು ತಾನೇ ಕೆಡಿಸಿಕೊಂಡು ಬಂದಿದ್ದ! ಮೊದಲು ಸಾಹೇಬರಿಗೆ ನಗು ಬಂತು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಅಷ್ಟೂ ವರ್ಷಗಳ ಹಟ ಆ ನಗುವಿನಲ್ಲೇ ಇಳಿದುಹೋಯಿತು. ನಾನು ಹೂಳಿನ ಮೇಲೆಯೇ ಕೂತುಬಿಟ್ಟೆ, ಅಷ್ಟು ಹಗುರವಾಗಿತ್ತು ಮನಸ್ಸು.

ನನ್ನ ಬಾಮೈದನ ಜೀಪಿನಲ್ಲಿ ಮಾತ್ರ ಏನು ತಪ್ಪೆಂದು ಬಾನೆಟ್ಟಿನೊಳಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಏರಿ ಇಳಿದು ಬಂದು ತಮ್ಮನ ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನಿಜ ಹೇಳ್ಲಾ. ಈ ವರ್ಸ ಈ ರೇಸಿಗೆ ಎಷ್ಟು ಸುರ್ದೆ?"

ಅವನು ಜೀಪಿನ ಹಿಂದಕ್ಕೆ ಹೋಗಿ, ಹೊಗೆಕೊಳವೆಯೊಳಗೆ ಬೆರಳು ಹಾಕಿ, ಹೊಗೆಗೆ ದಾರಿ ಬಿಡದೆ ಅರ್ಧ ಬೆಂದಿದ್ದ ಏನನ್ನೋ ಎಳೆದು ಅವಳ ಕೈಗಿಟ್ಟ.

"ಒಂದು ಬದ್ನೇಕಾಯಿ ಕಣಕ್ಕ. ಅದೂ ಹಿತ್ತಲ್ದು."