ರೇಸ್ ಕೊಡದ ಕಾಕಾ

ನಮ್ಮ ಕಾಕಾ ಜನರಿಗೆ ಗಾಡಿ ಓಡಿಸುವುದನ್ನು ಕಲಿಸುತ್ತಾರೋ, ಓಡಿಸದಿರುವುದನ್ನು ಕಲಿಸುತ್ತಾರೋ, ನನಗೆ ಇವತ್ತಿಗೂ ತಿಳಿದಿಲ್ಲ! ಮುಂಬೈಯ ಚೆಂಬೂರಿನಲ್ಲಿ ಒಂದು ಕಂಪನಿಯ ಲಾರಿ ಡ್ರೈವರುಗಳಿಗೆ ಡೀಸೆಲ್ ಉಳಿಸುವ ಬಗೆ ಹೇಳಿಕೊಡುವುದು ಅವರ ಕೆಲಸ. ಹೊಗೆ ಕಡಿಮೆಯಾದರೆ ಊರೇ ನೆಮ್ಮದಿಯಾಗಿ ಉಸಿರಾಡುತ್ತದೆ ಎನ್ನುತ್ತಾರೆ. ಒಪ್ಪೋಣ. ಆದರೆ ಪಾಠ ಕಂಪನಿಯ ಗೇಟಿನೊಳಗೇ ಇರಬಾರದೆ?

ಒಮ್ಮೆ ಸಯನ್ನಿನ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ್ದೆ. ಪಕ್ಕದಲ್ಲಿದ್ದ ಕಾಕಾ ಕೈ ಚಾಚಿ ಇಂಜಿನ್ ಆರಿಸಿಯೇಬಿಟ್ಟರು.

"ನಿಂತ ಗಾಡಿ ಯಾಕ ಪೆಟ್ರೋಲ್ ಕುಡೀಬೇಕೋ?"

ಹಿಂದಿನ ಟ್ಯಾಕ್ಸಿ ಗುರುಗುಟ್ಟುತ್ತಿತ್ತು. ಕಾಕಾ ಇಳಿದು ಹೋಗಿ, "ಭಾಯ್, ಬಂದ್ ಕರೋ" ಎಂದು ಅವನಿಗೂ ಪಾಠ ಶುರುಮಾಡಿದರು. ಹಸಿರು ಬಂತು. ಕಾಕಾ ಬರಲಿಲ್ಲ. ಹೊರಡಲೇ? ಕಾಯಲೇ? ನಾನು ತಬ್ಬಿಬ್ಬಾಗಿ ಕೂತಿರುವಾಗಲೇ ಮತ್ತೆ ಕೆಂಪು! ಅರ್ಧ ಮುಂಬೈ ಹಿಂದಿನಿಂದ ಹಾರ್ನ್ ಹೊಡೆಯುತ್ತಿತ್ತು. ಕಾಕಾ ಸಾವಕಾಶ ಬಂದು ಕೂತು, "ನೋಡು, ಮಂದಿ ಎಷ್ಟು ಗಡಿಬಿಡಿ ಮಾಡ್ತಾರ!" ಎಂದರು.

ಮುಂದಿನ ಗಾಡಿಯಿಂದ ದೂರವಿರಬೇಕು, ಆಗ ಮೇಲಿಂದ ಮೇಲೆ ಬ್ರೇಕ್ ಬೇಡ, ಆಮೇಲೆ ರೇಸೂ ಬೇಡ ಎಂಬುದು ಇನ್ನೊಂದು ಪಾಠ. ನಾನು ಜಾಗ ಬಿಟ್ಟೆ. ಒಂದು ರಿಕ್ಷಾ ನುಗ್ಗಿತು. ಅದಕ್ಕೂ ಜಾಗ ಬಿಟ್ಟೆ. ಇನ್ನೊಂದು ನುಗ್ಗಿತು. ಚೆಂಬೂರಿನ ರಿಕ್ಷಾಗಳೆಲ್ಲ ನನ್ನ ಮುಂದೆಯೇ ಸೇರಿದವು!

"ಕಾಕಾ, ನಾವು ಮುಂದ ಹೊಂಟೀವೋ, ಹಿಂದೋ?"

"ಅದೇನರ ಇರಲಿ. ಬ್ರೇಕ್ ಹಾಕಿದೇನು?"

ನಾನು ಮತ್ತೊಂದು ರಿಕ್ಷಾಕ್ಕೆ ಜಾಗ ಬಿಟ್ಟೆ.

ಮನೆಯಲ್ಲೂ ಇದೇ ಕಥೆ. ಅನ್ನ ಕುದಿಯತೊಡಗಿದ್ದೇ ತಡ, ಕಾಕಾ ಗ್ಯಾಸ್ ಆರಿಸಿದರು. "ರೇಸ್ ಬಿಟ್ಟ ಗಾಡಿಯಂಗ, ಇನ್ನ ಅದರ ಓಟದಾಗ ಅದು ಬೇಯ್ತೈತಿ!"

ಅವರ ಹೆಂಡತಿ, ನಮ್ಮ ಕಾಕು, ಸೌಟು ಕೆಳಗಿಟ್ಟಳು. "ನೀವೂ ಅದ ಓಟದಾಗ ಹೋಟೆಲ್‌ತನಕ ಹೋಗಿ ಉಂಡು ಬರ್ರಿ!"

ಮೊನ್ನೆ ಅವ್ವನ ಬೆನ್ನಿಗೆ ಆಪರೇಶನ್ ಆಯಿತು. ನೋವಿನಿಂದ ಆಸ್ಪತ್ರೆಯಲ್ಲಿ ಅವಳಿಗೆ ನಿದ್ದೆಯೇ ಇರಲಿಲ್ಲ. ಮನೆಗೆ ಕರೆತರುವಾಗ ತಾವೇ ಓಡಿಸುತ್ತೇನೆಂದು ಕಾಕಾ ಹಟ ಹಿಡಿದರು. ಸಂಜೆಯೊಳಗೆ ಮುಟ್ಟುತ್ತೇವೋ ಇಲ್ಲವೋ ಎಂದುಕೊಂಡು ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ಕೂತೆ. ಗುಂಡಿ ಬಂದದ್ದೂ ತಿಳಿಯಲಿಲ್ಲ, ತಿರುವು ಬಂದದ್ದೂ ತಿಳಿಯಲಿಲ್ಲ. ಬಿಲ್ಡಿಂಗ್ ಮುಂದೆ ಕಾರು ನಿಂತದ್ದು ಕೂಡ ತಡವಾಗಿ ಗೊತ್ತಾಯಿತು. ನೋಡಿದರೆ ಅವ್ವ ಬಾಯಿ ತುಸು ತೆರೆದು ಗಾಢ ನಿದ್ದೆಯಲ್ಲಿದ್ದಾಳೆ!

ಎಬ್ಬಿಸಲು ಹೋದೆ. ಕಾಕಾ ನನ್ನ ಕೈ ಹಿಡಿದರು.

"ಬ್ಯಾಡೋ, ಮಲಗಲಿ."

"ಎಷ್ಟೊತ್ತು ಕಾಕಾ? ಶೆಕಿ ಐತಿ."

ಅವರು ಸ್ಟೇರಿಂಗ್ ನೋಡುತ್ತ ಮೆಲ್ಲಗೆ ಹೇಳಿದರು: "ನಾ ವಿಜಯಪುರದಿಂದ ಇಲ್ಲಿಗೆ ಬಂದ ಹೊಸದಾಗಿ ಜ್ವರ ಬಂದು ಬಿದ್ದಿದ್ದೆ. ಚಾಳಿನ ಖೋಲ್ಯಾಗ ನಿಮ್ಮವ್ವನ ತೊಡಿ ಮ್ಯಾಲೆ ತಲಿ ಇಟ್ಟು ಮಲಗಿದ್ದೆ. ಕಾಲು ಜೋಮು ಹಿಡದ್ರೂ ವೈನಿ ನಾ ಏಳೂತನಕ ಅಲ್ಲಾಡಲಿಲ್ಲೋ."

ನಾನು ಎಕ್ಸ್‌ರೇ ಕವರಿನಿಂದ ಅವ್ವನಿಗೆ ಗಾಳಿ ಹಾಕತೊಡಗಿದೆ. ಗಾಡಿ ತೆಗೆಯಿರೆಂದು ವಾಚ್‌ಮನ್ ಜೋರು ಮಾಡುತ್ತ ಬಂದ. ಕಾಕಾ ಹಿಂದಿನ ಸೀಟು ತೋರಿಸಿ ಅವನಿಗೆ ಕೈಮುಗಿದರು.