ಹದಿನೈದು ಎಣಿಸುವ ತನಕ

ಆರ್ಲಿಸ್‌ಗೆ ಗಂಡನ ಮೇಲೆ ನಲವತ್ತೊಂದು ವರ್ಷಗಳಿಂದ ಇದ್ದ ದೂರು ಒಂದೇ: ಮಾರ್ಲಿನ್ ಕೂತರೆ ಏಳುವವನಲ್ಲ. ಮಿನ್ನೆಸೋಟದ ಚಳಿಗೆ ಕೆರೆ ಗಡ್ಡೆ ಕಟ್ಟಿದ ಕೂಡಲೇ ಅದರ ಮೇಲೆ ಮರದ ಗೂಡೊಂದನ್ನು ಎಳೆದುಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಆ ತೂತಿನ ದರ್ಶನ ಮಾಡುತ್ತ ಕೂರುತ್ತಿದ್ದ. ಆರ್ಲಿಸ್ ಕಾಫಿಯನ್ನೂ ನಿಂತೇ ಕುಡಿಯುವವಳು. ಓವನ್‌ನಲ್ಲಿ ಕೇಕ್ ಇಟ್ಟರೆ ಉಬ್ಬಿತೋ ಇಲ್ಲವೋ ಎಂದು ಐದು ಸಲ ಬಾಗಿಲು ತೆಗೆದು ನೋಡುವಳು (ಅದಕ್ಕೇ ಅದು ಉಬ್ಬುತ್ತಿರಲಿಲ್ಲ).

ಇಂಥವಳು, ಚೆಂಡು ಉರುಳಿಸಿ ಗೂಟ ಬೀಳಿಸುವ ತನ್ನ ಬೌಲಿಂಗ್ ತಂಡದ ನಾಲ್ವರಿಗೂ ಶರ್ಟು ಹೊಲಿದುಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಒಪ್ಪಿಕೊಂಡದ್ದಲ್ಲ, ಅಂಗಡಿ ಶರ್ಟು ಹಾಕಿಕೊಂಡು ಆಡುವವರು ಸೋಮಾರಿಗಳೆಂದು ಎಲ್ಲರೆದುರು ಘೋಷಿಸಿಯೇ ಬಿಟ್ಟಿದ್ದಳು. ಶನಿವಾರ ಫೈನಲ್. ಮೊದಲ ಶರ್ಟು ಅರ್ಧ ದಿನದಲ್ಲಿ ಮುಗಿಯಿತು. ಮಂಗಳವಾರ ಒಮ್ಮೆ ಒಗೆದು ತೆಗೆದರೆ ಕಾಲರ್ ತುಂಬ ಗುಳ್ಳೆ. ಕಾಲರ್ ಗಟ್ಟಿಯಾಗಿ ನಿಲ್ಲಲೆಂದು ಒಳಗೆ ಇಸ್ತ್ರಿ ಹಾಕಿ ಅಂಟಿಸಿದ್ದ ಬಕ್ರಂ ಎಂಬ ಬಿರುಸು ಅರಿವೆ ಶರ್ಟಿನ ಬಟ್ಟೆಗೆ ಡೈವೋರ್ಸ್ ಕೊಟ್ಟಿತ್ತು.

ತಂಡದ ನಾಯಕಿ ಗ್ಲೆಂಡಾ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಇದಕ್ಕೆ ಸಿಡುಬು ಎದ್ದ ಹಾಗಿದೆ ಆರ್ಲಿಸ್. ಗುರುವಾರದೊಳಗೆ ವಾಸಿಯಾಗದಿದ್ರೆ ನಾನು ಅಂಗಡಿಯಿಂದ ತರಿಸ್ತೀನಿ."

ಆರ್ಲಿಸ್‌ಗೆ ಆ ರಾತ್ರಿ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಊರವರ ಬಟ್ಟೆ ಹೊಲಿದು ಗಳಿಸಿದ ಹೆಸರು ಒಂದು ಕಾಲರ್‌ನಿಂದ ಮಣ್ಣುಪಾಲಾಗುವುದರಲ್ಲಿತ್ತು. ಬುಧವಾರ ಬಕ್ರಂಗೆ ಬೈದು ಹೊಸ ಬಕ್ರಂ ತಂದಳು, ಇಸ್ತ್ರಿಪೆಟ್ಟಿಗೆಗೆ ಬೈದು ಅದರ ತಳ ಉಜ್ಜಿದಳು. ಹೊಸ ಕಾಲರ್ ಕತ್ತರಿಸಿ, ಬಕ್ರಂ ಇಟ್ಟು, ಇಸ್ತ್ರಿಪೆಟ್ಟಿಗೆ ಒತ್ತಿ ಎಣಿಸತೊಡಗಿದಳು. ಮೂರಕ್ಕೆ ಸುಟ್ಟೀತೆಂಬ ಭಯ, ಎತ್ತಿ ನೋಡಿದಳು. ಐದಕ್ಕೆ ಕೈ ತಾನಾಗಿಯೇ ಅತ್ತಿಂದಿತ್ತ ಓಡಿತು. ಮೂಲೆ ಹಿಡಿದು ಎಳೆದರೆ ಸಲೀಸಾಗಿ ಕಿತ್ತುಬಂತು.

ಕುರ್ಚಿಯಿಂದ ಮಾರ್ಲಿನ್ ಹೇಳಿದ, "ನೀನು ಉಜ್ತಾ ಇದ್ದೀಯ. ಅದು ಉಜ್ಜೋ ಕೆಲಸ ಅಲ್ಲ, ಒತ್ತೋ ಕೆಲಸ."

"ಓಹೋ, ಬಂದು ಒತ್ತು ಹಾಗಾದ್ರೆ. ನಿನ್ನ ಕೈಲಿ ಇದು ಅಂಟಿದ್ರೆ ಭಾನುವಾರ ಪೂರ್ತಿ ನಿನ್ನ ಮೀನಿನ ಗೂಡಲ್ಲಿ ಬಾಯಿ ಮುಚ್ಕೊಂಡು ಕೂತಿರ್ತೀನಿ."

ಮಾರ್ಲಿನ್ ಎದ್ದ. (ಇದೇ ಒಂದು ಐತಿಹಾಸಿಕ ಘಟನೆ.) ಕನ್ನಡಕ ಹಾಕಿಕೊಂಡು, ಆರ್ಲಿಸ್ ಎಂದೂ ಓದದ ಬಕ್ರಂನ ಚೀಟಿಯನ್ನು ಎರಡು ಸಲ ಓದಿದ. ಹೊಸ ಬಕ್ರಂ ತುಂಡನ್ನು ಬೆರಳಲ್ಲಿ ಸವರಿ, ತರಿತರಿಯಾದ ಅಂಟಿನ ಮಗ್ಗುಲನ್ನು ಬಟ್ಟೆಗೆ ತಾಗಿಸಿದ. ಮೇಲೊಂದು ಒದ್ದೆ ಅರಿವೆ ಹಾಸಿ, ಇಸ್ತ್ರಿಪೆಟ್ಟಿಗೆ ಇಟ್ಟು ನಿಂತ. ಗಾಳ ಹಿಡಿದು ಕೂರುವಾಗಿನಷ್ಟೇ ಅಲುಗಾಡದೆ ನಿಂತ. ಆರ್ಲಿಸ್ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಸುಟ್ಟ ವಾಸನೆ ಬರುತ್ತಿದೆ, ಹೊಗೆ ಕಾಣಿಸುತ್ತಿದೆ ಎಂದೆಲ್ಲ ಹೇಳಿದಳು. ಅವನು ಹದಿನೈದು ಎಣಿಸಿ, ನೇರ ಮೇಲಕ್ಕೆತ್ತಿ, ಕಾಲರಿನ ಪಕ್ಕದ ಭಾಗದ ಮೇಲಿಟ್ಟು ಮತ್ತೆ ಒಂದರಿಂದ ಶುರು ಮಾಡಿದ.

ಮುಗಿಯುತ್ತಲೇ ಕಾಲರ್‌ಗೆ ಕೈ ಹಾಕಿದ ಹೆಂಡತಿಯ ಮುಂದೆ ಬೆರಳೆತ್ತಿದ. "ಆರಲಿ."

ಅದು ಆರುವಷ್ಟರಲ್ಲಿ ಆರ್ಲಿಸ್ ಫ್ರಿಜ್ಜಿನ ನೆತ್ತಿಯನ್ನು ಎರಡು ಸಲ ಒರೆಸಿದಳು. ಆರಿದ ಮೇಲೆ ಎಳೆದು ನೋಡಿದಳು, ಉಗುರು ಹಾಕಿ ನೋಡಿದಳು, ಹೊಲಿದು ಒಗೆದೂ ನೋಡಿದಳು. ಒಂದು ಗುಳ್ಳೆಯೂ ಇಲ್ಲ. ಹೊಟ್ಟೆ ಉರಿಯಿತು, ಸಮಾಧಾನವೂ ಆಯಿತು. ಉಳಿದ ಮೂರೂ ಅವನ ಕೈಯಲ್ಲೇ ಆದವು.

ಶನಿವಾರ ತಂಡ ಸೋತಿತು, ಕಾಲರ್ ಗೆದ್ದಿತು. ಎದುರು ತಂಡದವರೂ ಬಂದು ಮುಟ್ಟಿ ನೋಡಿದರು. ಇಷ್ಟು ನೀಟಾಗಿ ಅಂಟಿಸಿದ್ದು ಯಾರೆಂದು ಗ್ಲೆಂಡಾ ಕೇಳಿದಾಗ ನಿಜ ಹೇಳಬೇಕೆಂದೇ ಆರ್ಲಿಸ್ ಬಾಯಿ ತೆರೆದಳು. ಆದರೆ ಬಾಯಿಂದ ಬಂದದ್ದು "ಮತ್ಯಾರು, ನಾನೇ." ಹಾಗಾದರೆ ಮುಂದಿನ ತಿಂಗಳು ಲೀಗಿನ ಉಳಿದ ಹನ್ನೆರಡೂ ತಂಡಗಳಿಗೆ ತಲಾ ನಾಲ್ಕು ಶರ್ಟು ನೀನೇ ಹೊಲಿ ಎಂದಳು ಗ್ಲೆಂಡಾ. ಅದಕ್ಕೂ ಆರ್ಲಿಸ್ ಹೂಂ ಎಂದಳು.

ಭಾನುವಾರ ಬೆಳಗ್ಗೆ ಕೆರೆಯ ಮೇಲಿನ ಗೂಡಿನಲ್ಲಿ, ಕೊಟ್ಟ ಮಾತಿನಂತೆ, ಆರ್ಲಿಸ್ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು. ಗಂಟಲಲ್ಲಿ ನಲವತ್ತೆಂಟು ಕಾಲರ್‌ಗಳು ಸಿಕ್ಕಿಕೊಂಡಿದ್ದವು. ಹೇಗೆ ಕೇಳುವುದು? ಕೇಳಲು ಬಾಯಿ ಬಿಡುವಂತಿಲ್ಲ. ಕಾಲು ಕುಣಿಯುತ್ತಿತ್ತು, ಬಕೆಟ್ ಕಿರುಗುಟ್ಟುತ್ತಿತ್ತು.

ಮಾರ್ಲಿನ್ ತೂತಿನಿಂದ ಕಣ್ಣು ತೆಗೆಯದೆ ಹೇಳಿದ, "ಗ್ಲೆಂಡಾ ಫೋನ್ ಮಾಡಿದ್ಲು. ನಲವತ್ತೆಂಟು ಕಾಲರ್ ನೀನೊಬ್ಳೇ ಅಂಟಿಸ್ತೀಯಂತೆ."

ಆರ್ಲಿಸ್ ಬಾಯಿ ತೆರೆದಳು.

ಮಾರ್ಲಿನ್ ಒಂದು ಬೆರಳೆತ್ತಿದ. "ಆರಲಿ."

ಸಂಜೆಯಾಗಲು ಇನ್ನೂ ಎಂಟು ಗಂಟೆ ಇತ್ತು.