ಹಂದಿಯ ಸಹಭಾಗಿತ್ವ

ಒಂದು ಒಗಟು. ಮೈಗೆ ಬಾಳೆಎಲೆ, ಸೊಂಟಕ್ಕೆ ದಾರ, ಹೊಟ್ಟೆಯೊಳಗೆ ಇರಬೇಕಾದ್ದು ಹಿತ್ತಲಲ್ಲಿ ಗೊರಕೆ ಹೊಡೀತಿದೆ. ಏನದು? ನಿಮಗೆ ಹೊಳೆಯಲ್ಲ ಬಿಡಿ. ಅದು ದೋನ್ಯಾ ಹಸಿಂತಾ ಮಾಡಿದ ನಕತಮಾಲ್, ಅಂದರೆ ಹಂದಿಮಾಂಸ ತುಂಬಿ ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಬೇಕಾದ ಕಡುಬು.

ಮಸಾಯಾ ಪಟ್ಟಣದ ಪಕ್ಕದ ನಮ್ಮೂರಲ್ಲಿ ಶನಿವಾರ ನಕತಮಾಲ್ ಬೇಯಿಸಿದವರು ಬಾಗಿಲಿಗೆ ಕೆಂಪು ದೀಪ ಹಾಕುತ್ತಾರೆ. ದೀಪವಿಲ್ಲದ ಮನೆಗೆ ಗಿರಾಕಿ ಕಾಲಿಡುವುದಿಲ್ಲ. ವಿಧವೆ ಹಸಿಂತಾ ಬದುಕಿದ್ದೇ ಆ ದೀಪದಿಂದ. ಆದರೆ ಈ ಸಲ ಕತ್ತಿ ಹಿಡಿದು ಹೋದಾಗ ಪೆರ್ಲಾ ಎಂಬ ಹಂದಿ ಆಕೆಯ ಮುಖ ನೋಡಿಬಿಟ್ಟಿತು. ಕತ್ತಿ ಅಣಬೆ ಹೆಚ್ಚಲು ಹೋಯಿತು. ಮೆಕ್ಕೆಜೋಳದ ಹಿಟ್ಟಿನೊಳಗೆ ಹುರಿದ ಅಣಬೆ, ಕಡಲೆ, ಆಲೂಗಡ್ಡೆ, ಪುದಿನ ಸೇರಿ ಬೆಂದವು.

ಸುದ್ದಿ ತಿಳಿದ ನಕತಮಾಲ್ ಗೌರವ ರಕ್ಷಣಾ ಸಮಿತಿ ಹಾಜರಾಗಿ ಪ್ರಕಟಿಸಿತು: "ಹಂದಿಯ ಸಹಭಾಗಿತ್ವವಿಲ್ಲದೆ ಬೆಂದ ಪದಾರ್ಥಕ್ಕೆ ಕೆಂಪು ದೀಪದ ಹಕ್ಕು ಇರತಕ್ಕದ್ದಲ್ಲ." ದೀಪ ಇಳಿಯಿತು. ಮಾಂಸವಿಲ್ಲವೆಂದು ಖಚಿತಪಡಿಸಲು ಅಧ್ಯಕ್ಷ ದೋನ್ ಅಮಾನ್ಸಿಯೊ ಒಂದನ್ನು ಬಿಚ್ಚಿ ತಿಂದರು.

"ಇದ್ರಲ್ಲಿಲ್ಲ. ಪಕ್ಕದ್ರಲ್ಲಿ ಇದ್ರೆ?"

ಪಕ್ಕದ್ದೂ ಹೋಯಿತು.

"ದೋನ್ಯಾ, ಕಾಫಿ ಕೊಡಿ. ತನಿಖೆ ಗಂಟಲಲ್ಲಿ ಸಿಕ್ಕೊಂಡಿದೆ."

"ರುಚಿ ಹೇಗಿದೆ?"

"ರುಚಿ ನಮ್ಮ ವ್ಯಾಪ್ತಿಗೆ ಬರಲ್ಲ. ಇನ್ನೊಂದು ಬಿಚ್ಚಿ."

"ಹಂಡೆ ಖಾಲಿ ಮಾಡಿದ್ರೆ ನಾನೇನು ಮಾರ್ಲಿ?"

"ದೀಪ ಇಲ್ದೋರು ಮಾರೋ ಪ್ರಶ್ನೇನೇ ಬರಲ್ವಲ್ಲಾ!"

ಹಸಿಂತಾ ಸೊಂಟಕ್ಕೆ ಕೈಯಿಟ್ಟಳು. "ಹಂದಿ ಸಹಭಾಗಿ ಆಗ್ಬೇಕು, ಅಷ್ಟೇ ತಾನೆ? ಸತ್ತಿರ್ಬೇಕು ಅಂತ ನೀವು ಹೇಳ್ಲಿಲ್ವಲ್ಲ!"

ಸಮಿತಿ ಗುಸುಗುಸು ಮಾತಾಡಿತು. ಹಾಗೆ ಹೇಳಿರಲಿಲ್ಲ. ಪೆರ್ಲಾಳನ್ನು ತಂದು ಒಲೆಯ ಪಕ್ಕ ಕಟ್ಟಲಾಯಿತು. ಅದು ಸಮಿತಿಯವರು ನೆಕ್ಕಿ ಎಸೆದ ಎಲೆಗಳನ್ನು ತಿಂದಿತು.

"ಸಹಭಾಗಿತ್ವ ತೃಪ್ತಿಕರ," ಎಂದರು ಅಧ್ಯಕ್ಷರು.

ದೀಪ ಹತ್ತಿತು. ಮುಂದಿನ ವಾರ ಪೆರ್ಲಾಳನ್ನು ಸಮಿತಿಯ ಸದಸ್ಯೆಯಾಗಿ ನೇಮಿಸಲಾಯಿತು. ಅದು ಗುರ್ ಅಂದರೆ ನಿರ್ಣಯ ಪಾಸು. ಸಭೆಯಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ತಿನ್ನುವುದರಲ್ಲಂತೂ ಎಲ್ಲರೂ ಸಮಾನರು. ಬೀದಿಯಲ್ಲಿ ಜನ ಅದಕ್ಕೆ ಟೋಪಿ ತೆಗೆದು ವಂದಿಸುತ್ತಾರೆ.

ಸರಿ, ದೀಪ ಹತ್ತಿತು ಅಂದೆನಲ್ಲ, ಅದೂ ಅದರಾಚೆಗಿನದೂ ಎಲ್ಲ ನಾನೇ ಕಟ್ಟಿದ್ದು. ಅಸಲಿಗೆ ದೀಪದ ವಿಷಯ ಇನ್ನೂ ಪರಿಶೀಲನೆಯಲ್ಲಿದೆ. ಪ್ರತಿ ಶನಿವಾರ ಸಮಿತಿ ಬಂದು ಹಂಡೆ ಬರಿದಾಗುವವರೆಗೆ ಪರಿಶೀಲಿಸುತ್ತದೆ. ನೆರೆಯವರು ಕುರ್ಚಿ ತಂದು ಹಾಕುತ್ತಾರೆ. ದೋನ್ಯಾ ಹಸಿಂತಾ ಈಗ ಕೇಳದೆಯೇ ಕಾಫಿ ಇಡುತ್ತಾಳೆ.